ಅಮಾವಾಸ್ಯೆಯ ದಿನ ತೋರಿಸಿದ ಸಂದು

ಮಾನ್ಯರೇ,

ಈ ಮೂಲಕ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಮ್ಮ ಸಂದಿನಲ್ಲಿ ಬೆಳಗಿನ ಹೊತ್ತು ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಅಧಿಕಾರಿಯ ಮುಂದೆ ಸುಳ್ಳು ಹೇಳಿದವನು ನಾನು. ಮಣಿ ಅಲ್ಲ. ಮಣಿಯೇ ಹೇಳಿದನೆಂದು ಸಂದಿನವರೆಲ್ಲ ಈವರೆಗೆ ನಂಬಿದ್ದಾರೆ. ಅವನ ಒಡಹುಟ್ಟಿದ ಅಕ್ಕನೂ ಮೊನ್ನೆಯವರೆಗೆ ನಂಬಿದ್ದಳು. ಹಾಗೆ ನಂಬುವಂತೆ ಮಾಡಿದವನೂ ನಾನೇ.

ನಾನು ಬರಹಗಾರನಲ್ಲ. ತಮಿಳುನಾಡಿನ ಓಮಲೂರಿನಿಂದ ಎಡಪ್ಪಾಡಿಯ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುವವನು. ಹೆಸರು ಗೋವಿಂದರಾಜ. ಮನೆಮಾತು ಕನ್ನಡವಾದರೂ ನಮ್ಮ ಕಡೆ ಅದು ಬಾಯಲ್ಲಿ ಮಾತ್ರ ಇರುವ ಮಾತು; ಶಾಲೆಯಲ್ಲಿ ನಾವು ಕಲಿತದ್ದು ತಮಿಳು. ಪ್ರಾಯದಲ್ಲಿ ಕೆಲವು ವರ್ಷ ಕೊಳ್ಳೇಗಾಲದ ಕಡೆಯ ಒಂದು ನೇಕಾರರ ಸಂಘದಲ್ಲಿ ಪತ್ರಗಳನ್ನು ನಕಲು ಮಾಡುವ ಕೆಲಸಕ್ಕಿದ್ದೆ. ಈ ಅಕ್ಷರ ಅಲ್ಲಿ ಕಲಿತದ್ದು, ಈ ವಾಕ್ಯವೂ ಅಲ್ಲಿಯದೇ. ‘ಸದರಿ’, ‘ಮೇಲ್ಕಂಡ’ ಎಂಬ ಪದಗಳಿಲ್ಲದೆ ಗಂಭೀರವಾದ ಸಂಗತಿಯನ್ನು ಬರೆಯುವುದು ಹೇಗೆಂದು ನನಗೆ ತಿಳಿಯದು. ತಪ್ಪಿದ್ದಲ್ಲಿ ತಾವು ಮನ್ನಿಸಬೇಕು — ಭಾಷೆಯ ತಪ್ಪನ್ನು ಮಾತ್ರ.

ಮೊದಲು ಸದರಿ ಸಂದಿನ ವಿಚಾರ. ಬಸ್ಸು ಓಡಾಡುವ ರಸ್ತೆಯಿಂದ ಒಳಕ್ಕೆ ನೇರವಾಗಿ ಹೋಗುವ ಸಂದು ಅದು, ಎಲ್ಲಿಯೂ ತಿರುವಿಲ್ಲ. ಮೂಲೆಯಲ್ಲಿ ನನ್ನ ಹೋಟೆಲು, ಅಲ್ಲಿಂದ ಮುಂದಕ್ಕೆ ಎರಡೂ ಬದಿಯಲ್ಲಿ ನೇಕಾರರ ಮನೆಗಳು. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲನ್ನು — ನಾವು ಅದನ್ನು ತಮಿಳಿನವರ ಹಾಗೆ ಪಾವು ಎನ್ನುತ್ತೇವೆ — ಬೀದಿಯ ಉದ್ದಕ್ಕೂ ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಎರಚಿ, ದೊಡ್ಡ ಕುಂಚದಿಂದ ಬಾಚಿ ಒಣಗಿಸಬೇಕು. ಅದಕ್ಕೆ ಬೆಳಗಿನ ಎಳೆಬಿಸಿಲೇ ಆಗಬೇಕು. ಬಿಸಿಲು ಬಲಿತರೆ ನೂಲು ಸೆಟೆದು ತುಂಡಾಗುತ್ತದೆ. ಬಿಸಿಲೇ ಇಲ್ಲದಿದ್ದರೆ ಗಂಜಿ ಹುಳಿಯುತ್ತದೆ. ಇವತ್ತು ಅರ್ಧ ಹಾಕಿ ಮಿಕ್ಕದ್ದು ನಾಳೆ ಎನ್ನುವಂತಿಲ್ಲ, ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಯಾರ ಮನೆಯ ಪಾವೆಂದು ಯಾರೂ ಕೇಳುವುದಿಲ್ಲ. ಕವೆಗೋಲು ನಿಂತದ್ದು ಕಂಡರೆ ಮನೆಗೊಬ್ಬರು ಬಂದು ಕೈಹಚ್ಚಬೇಕು, ಕರೆಯುವ ಪದ್ಧತಿಯಿಲ್ಲ. ಕರೆಸಿಕೊಂಡು ಬಂದವನನ್ನು ‘ವಾಂಗ ಮಾಪಿಳ್ಳೈ’ ಎಂದು ಅಳಿಯನನ್ನು ಎದುರುಗೊಳ್ಳುವ ಹಾಗೆ ಗೇಲಿ ಮಾಡುತ್ತಿದ್ದರು. ನಮ್ಮಪ್ಪನ ಪಾವಿಗೂ ಜನ ಹೀಗೆಯೇ ಬಂದಿದ್ದರು. ಮಗ್ಗ ಬಿಟ್ಟು ಹೋಟೆಲು ಹಾಕಿದ ಮೇಲೂ ನಾನು ಕೆಲವು ಕಾಲ ಹೋಗುತ್ತಿದ್ದೆ. ಆಮೇಲೆ ಬೆಳಗಿನ ವ್ಯಾಪಾರ ಹೆಚ್ಚಿತು — ಹೋಗುವುದು ನಿಂತಿತು.

ಪಾವಿನ ಬೆಳಗುಗಳಲ್ಲಿ ಯಜಮಾನಿಕೆ ಚೌಡಕ್ಕನದು. ದಾಯಾದಿ ಸಂಬಂಧದಲ್ಲಿ ನನಗೆ ಅಕ್ಕ. ಗಂಡ ಬೇಗ ತೀರಿಕೊಂಡಿದ್ದ. ಮನೆಯಲ್ಲಿ ಮಗ್ಗಗಳು, ಒಬ್ಬಳೇ ಮಗಳು ಜ್ಯೋತಿ, ಚೌಡಕ್ಕನ ಒಡಹುಟ್ಟಿದ ತಮ್ಮ ಮಣಿ, ಮತ್ತು ಅವನ ಹೆಂಡತಿ. ಮಣಿಗೆ ಮಗ್ಗದ ಮೇಲೆ ಮನಸ್ಸಿರಲಿಲ್ಲ. ಪೇರೂರಾಟ್ಚಿಯಲ್ಲಿ, ಎಂದರೆ ಪಟ್ಟಣ ಪಂಚಾಯಿತಿಯಲ್ಲಿ, ಕೊಳಾಯಿಗೆ ನೀರು ಬಿಡುವ ತಾತ್ಕಾಲಿಕ ಕೆಲಸ ಮಾಡುತ್ತಿದ್ದ. ಬೆಳಗ್ಗೆ ನೀರು ಬಿಟ್ಟು ಬಂದು ನನ್ನ ಹೋಟೆಲಿನಲ್ಲಿಯೇ ತಿಂಡಿ ತಿನ್ನುವನು. ನನ್ನನ್ನು ಅಣ್ಣ ಎನ್ನುವನು. ಅದು ಬರೀ ಕರೆಯುವ ಮಾತಾಗಿರಲಿಲ್ಲ ಎಂಬುದನ್ನು ಮುಂದೆ ತಾವೇ ನೋಡುವಿರಿ.

ಕೊರೊನಾ ಕಾಯಿಲೆಯ ಕಾಲದಲ್ಲಿ ಹೋಟೆಲಿನೊಳಗೆ ಅರ್ಧದಷ್ಟು ಜನರನ್ನು ಮಾತ್ರ ಕೂರಿಸಬೇಕೆಂದು ಆದೇಶವಾಯಿತು. ನನ್ನ ಹೋಟೆಲು ಮೊದಲೇ ನಮ್ಮ ಮನೆಯ ಮುಂದಿನ ಕೋಣೆ. ಅದರಲ್ಲಿ ಅರ್ಧವೆಂದರೆ ಏನೂ ಇಲ್ಲ. ಜನ ತಟ್ಟೆ ಹಿಡಿದು ಲಾರಿಗಳ ಪಕ್ಕದಲ್ಲಿ ನಿಂತು ತಿನ್ನುತ್ತಿದ್ದರು. ಆಗ ಪೇರೂರಾಟ್ಚಿಯ ಅಧಿಕಾರಿಯೊಬ್ಬರು, ಜನಬಳಕೆ ಕಡಿಮೆಯಿರುವ ಸಂದುಗಳಲ್ಲಿ ಹೋಟೆಲಿನವರು ಮೇಜು ಹಾಕಿಕೊಳ್ಳಲು ಅನುಮತಿ ಕೊಡಬಹುದೆಂದು ತಿಳಿಸಿದರು. ನಾನು ಮೊದಲು ಚೌಡಕ್ಕನನ್ನು ಕೇಳಿದೆ. ಇಷ್ಟು ಮಾತ್ರ ಸರಿಯಾಗಿ ಮಾಡಿದೆ.

“ಅಕ್ಕಾ, ಸಾಯಂಕಾಲ ಸಂದಲ್ಲಿ ನಾಕು ಟೇಬಲ್ ಆಕ್ಕೋತೀನಿ.”

“ಆಕ್ಕೋ. ಬೆಳಗ್ಗೆ ಮಾತ್ರ ನಿನ್ನ ಸಾಂಬಾರು ನನ್ನ ಪಾವಿನ ಮೇಲೆ ಬೀಳಬಾರ್ದು ನೋಡ್ಲಾ. ಬಿದ್ರೆ ಆ ಸೀರೆ ಉಟ್ಟೋಳು ದಿನಾ ಇಡ್ಲಿ ಕೇಳ್ತಾಳೆ.”

“ಬೆಳಗ್ಗೆ ನಿಂದು, ಸಾಯಂಕಾಲ ನಂದು. ಸರೀನಾ?”

“ನಿಂದೂ ಅಲ್ಲ, ನಂದೂ ಅಲ್ಲ ಕಣ್ಲಾ ಸಂದು. ನಮ್ಮದಾಗಿದ್ರೆ ಬಾಡಿಗೆ ಕೇಳ್ತಿರ್ನಿಲ್ವಾ ನಿನ್ನ? ಓಗು, ಒಂದು ಕಾಪಿ ಕಳ್ಸು.”

ಹೀಗೆ ಸಾಯಂಕಾಲದ ಮಟ್ಟಿಗೆ ಅನುಮತಿ ಬಂತು. ಮೇಜು ಹಾಕಿದೆ. ಆದರೆ ನಮ್ಮಂಥ ಹೋಟೆಲಿಗೆ ಸಾಯಂಕಾಲದಿಂದ ಪ್ರಯೋಜನವಿಲ್ಲ. ಎಲ್ಲವೂ ಬೆಳಗಿನ ಇಡ್ಲಿ, ಪೊಂಗಲ್, ದೋಸೆಯ ಮೇಲೆ ನಿಂತಿದೆ. ಎದುರಿಗೆ ಸಂದು ಇದೆ, ಒಳಗೆ ಜಾಗವಿಲ್ಲ, ಬಂದ ಗಿರಾಕಿ ತಿರುಗಿ ಹೋಗುತ್ತಾನೆ. ಪಾವು ಹಾಕುವುದು ದಿನವೂ ಅಲ್ಲವಲ್ಲ, ಹಾಕಿದ ದಿನ ಮೇಜು ತೆಗೆದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡಾಗ ಅದು ಸುಳ್ಳೆಂದು ತಿಳಿದಿತ್ತೇ? ತಿಳಿದಿತ್ತು ಎಂದೇ ಬರೆಯಬೇಕು. ಒಮ್ಮೆ ಗಿರಾಕಿ ಕೂತು ರೂಢಿಯಾದ ಜಾಗವನ್ನು ಯಾವ ಹೋಟೆಲಿನವನೂ ತಾನಾಗಿ ಬಿಟ್ಟುಕೊಡುವುದಿಲ್ಲ.

ಬೆಳಗಿಗೂ ಅನುಮತಿ ಬೇಕೆಂದು ಅಧಿಕಾರಿಯ ಬಳಿಗೆ ಹೋದೆ. ಒಳ್ಳೆಯ ಮನುಷ್ಯರು. ತಾವೇ ಬೆಳಗ್ಗೆ ಬಂದು ನೋಡುವುದಾಗಿಯೂ, ಯಾರ ಕೆಲಸಕ್ಕೂ ಅಡ್ಡಿಯಿಲ್ಲವೆಂದು ಕಂಡರೆ ಕೊಡುವುದಾಗಿಯೂ ಹೇಳಿದರು. ಯಾವ ದಿನ ಬಂದರೆ ಅನುಕೂಲ ಎಂದು ನನ್ನನ್ನೇ ಕೇಳಿದರು.

ನಾನು ಅಮಾವಾಸ್ಯೆಯ ದಿನವನ್ನು ಹೇಳಿದೆ.

ಇದನ್ನು ಬಿಡಿಸಿ ಬರೆಯುವುದು ಅವಶ್ಯ. ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಪಾವು ಹಾಕುವುದಿಲ್ಲ, ಗಂಜಿ ಕಾಯಿಸುವುದಿಲ್ಲ, ಕವೆಗೋಲನ್ನು ಗೋಡೆಯಿಂದ ಕದಲಿಸುವುದೂ ಇಲ್ಲ. ತಲೆಗೆ ಸ್ನಾನ ಮಾಡಿ ಮನೆಮಂದಿಯೆಲ್ಲ ಅಮ್ಮನ ಗುಡಿಗೆ ಹೋಗುತ್ತಾರೆ. ಆ ಒಂದು ದಿನ ನಮ್ಮ ಸಂದು ಬೆಳಗ್ಗೆ ಖಾಲಿ. ಇದು ನೇಕಾರನ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ತೋಚುವ ಉಪಾಯ. ಬೇರೆ ಊರಿನಿಂದ ಬಂದಿದ್ದ ಅಧಿಕಾರಿಗೆ ಹೇಗೆ ತಿಳಿಯಬೇಕು? ನನಗೆ ತಿಳಿದಿದ್ದ ನಮ್ಮವರ ಆಚಾರವನ್ನೇ ನಮ್ಮವರಿಗೆ ವಿರುದ್ಧವಾಗಿ ಉಪಯೋಗಿಸಿದೆ.

ಅಂದು ಬೆಳಗ್ಗೆ ಅವರು ಬಂದರು. ಬೀದಿಗಳ ಗುರುತಿರುವವನೆಂದು ಕಚೇರಿಯಿಂದ ಮಣಿಯನ್ನು ಜೊತೆಗೆ ಕರೆತಂದಿದ್ದರು. ಇದನ್ನು ನಾನು ಎಣಿಸಿರಲಿಲ್ಲ. ಸಂದು ತೊಳೆದಿಟ್ಟ ತಟ್ಟೆಯ ಹಾಗೆ ಬಿದ್ದಿತ್ತು. ಬಾಗಿಲುಗಳು ಮುಚ್ಚಿದ್ದವು. ಅಧಿಕಾರಿ ಉದ್ದಕ್ಕೂ ಒಮ್ಮೆ ನಡೆದು ಬಂದು ನನ್ನೆದುರು ನಿಂತು ಕೇಳಿದರು:

“ಕಾಲೈಲ ಇಂದ ಸಂದುಲ ಯಾರಾವದು ಏದಾವದು ವೇಲೆ ಪಣ್ಣುವಾಂಗಳಾ?”

ಬೆಳಗ್ಗೆ ಈ ಸಂದಿನಲ್ಲಿ ಯಾರಾದರೂ ಏನಾದರೂ ಕೆಲಸ ಮಾಡುತ್ತಾರೆಯೇ ಎಂದು. ಮಣಿ ನನ್ನ ಪಕ್ಕದಲ್ಲಿಯೇ ಇದ್ದ. ನಾನು ಹೇಳಿದೆ:

“ಇಲ್ಲೀಂಗ ಸಾರ್. ಇದು ಸುಮ್ಮಾ ನಡಕ್ಕಿರ ಸಂದು.”

ಇಲ್ಲ ಸಾರ್, ಇದು ಬರೀ ನಡೆದಾಡುವ ಸಂದು — ಅಷ್ಟೇ ಮಾತು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ತಡವರಿಸಿತ್ತೆಂದು ಬರೆಯಲು ಆಸೆಯಾಗುತ್ತದೆ, ಬರೆಯಬಾರದು. ಮಣಿ ನನ್ನ ಮುಖವನ್ನು ನೋಡಿದ. ಅಧಿಕಾರಿ ಅವನ ಮೇಲಿನವರು. ನಾನು ಅವನ ಅಣ್ಣ. ಅವನು ತಲೆ ತಗ್ಗಿಸಿದ. ಅಧಿಕಾರಿಗೆ ಕಾಫಿ ಕೊಟ್ಟೆ, ಮಣಿಗೂ ಕೊಟ್ಟೆ. ಅವನು ಕುಡಿಯಲಿಲ್ಲ.

ಕೆಲವೇ ದಿನಗಳಲ್ಲಿ ಬೆಳಗಿಗೂ ಅನುಮತಿ ಬಂತು. ನಾನು ಮುಂದುವರಿದು ನೆಲದಲ್ಲಿ ಕಬ್ಬಿಣದ ಕಾಲು ನೆಟ್ಟು ಕಲ್ಲು ಹಲಗೆಯ ಮೇಜು ಕೂರಿಸಿದೆ, ಮೇಲೆ ತಗಡು ಹೊದೆಸಿದೆ. ಹಾಗೆ ನೆಡಬೇಕೆಂದು ಯಾರೂ ಹೇಳಿರಲಿಲ್ಲ. ಕಿತ್ತಿಡಬಹುದಾದ ಮೇಜಾಗಿದ್ದರೆ ಕಿತ್ತಿಡು ಎನ್ನುತ್ತಿದ್ದರು — ಅದಕ್ಕೇ ನೆಟ್ಟೆ.

ಮರುವಾರ ಕವೆಗೋಲು ಹೊತ್ತು ಬಂದ ನಮ್ಮವರು ಮೇಜುಗಳ ಮುಂದೆ ನಿಂತರು. ಮೇಜುಗಳು ಬಿಟ್ಟ ಮುಕ್ಕಾಲು ಸಂದಿನಲ್ಲಿ ಪಾವು ಹಿಡಿಸುವುದಿಲ್ಲ, ಅದಕ್ಕೆ ಇಡೀ ಉದ್ದ ಬೇಕು. ಯಾರ ಕೆಲಸಕ್ಕೂ ಅಡ್ಡಿಯಿಲ್ಲವೆಂದು ಬರೆದಿದ್ದ ಅನುಮತಿಯ ಕಾಗದವನ್ನು ತೋರಿಸಿದೆ; ಅಧಿಕಾರಿ ಮಣಿಯ ಜೊತೆ ಬಂದುಹೋದದ್ದು ಸಂದಿಗೆ ಆಗಲೇ ತಿಳಿದಿತ್ತು. ಚೌಡಕ್ಕನ ಕೈಯಲ್ಲಿ ಗಂಜಿಯ ಪಾತ್ರೆಯಿತ್ತು. ನನ್ನ ಮೇಜುಗಳಲ್ಲಿ ಗಿರಾಕಿಗಳು ಕೂತು ತಿನ್ನುತ್ತಿದ್ದರು. ಅವರ ಮುಂದೆ ಜಗಳವಾಡುವುದು ಅವಳ ಸ್ವಭಾವವಲ್ಲ. ಪಾತ್ರೆಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ಆ ಹೊತ್ತಿಗೆ ನೀರು ಬಿಟ್ಟು ಬಂದ ಮಣಿಯನ್ನು ಕರೆದಳು. ಸಂದಿನವರು ಸುತ್ತ ಕೂಡಿದರು. ನಾನು ತಟ್ಟೆಗಳನ್ನು ಜೋಡಿಸುವವನ ಹಾಗೆ ಅಲ್ಲಿಯೇ ಇದ್ದೆ.

“ಆಫೀಸರ್ ಕೂಡೆ ಬಂದೋನು ನೀನು. ಇಲ್ಲಿ ಯಾರೂ ಪಾವು ಆಕಾಕಿಲ್ಲ ಅಂತ ಯೋಳಿದ್ದು ಯಾರ್ಲಾ?”

“ನಾನ್ ಯೋಳ್ನಿಲ್ಲಕ್ಕಾ.”

“ಅಂಗಾರೆ ಯಾರು?”

ಮಣಿ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ದಾರಿ ಬಿಟ್ಟುಕೊಡುವವರು ನೋಡುತ್ತಾರಲ್ಲ, ನೀವು ಮೊದಲು ಹೋಗಿ ಎನ್ನುವ ಹಾಗೆ — ಹಾಗೆ. ಆ ನೋಟಕ್ಕೆ ನಾನು ಕೊಟ್ಟ ಉತ್ತರ ಇದು:

“ಆಫೀಸ್ ಸಮಾಚಾರ ನಮಗೇನ್ ತೆರಿತದಕ್ಕಾ? ಅದೆಲ್ಲ ಮಣಿಗಲ್ವಾ ಗೊತ್ತು.”

ಅಧಿಕಾರಿಯ ಮುಂದೆ ಹೇಳಿದ್ದು ವ್ಯಾಪಾರಕ್ಕಾಗಿ ಹೇಳಿದ ಸುಳ್ಳು. ಇದು ಹಾಗಲ್ಲ. ಇದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸುವಂಥ ಒಂದು ಪದವೂ ಇಲ್ಲ. ಆದರೂ ಇದೇ ಅದಕ್ಕಿಂತ ದೊಡ್ಡದು.

ಚೌಡಕ್ಕ ತಮ್ಮನ ಕಡೆಗೆ ತಿರುಗಿ ಇನ್ನೊಮ್ಮೆ ಕೇಳಿದಳು: “ನೀನೇನ್ಲಾ ಮಣಿ?” ಅವನು ಗುಂಪನ್ನು ದಾಟಿ ಮನೆಯೊಳಗೆ ಹೋದ. ಗುಂಪಿನಲ್ಲಿ ಯಾರೋ, “ವೇಲೆ ಪರ್ಮನೆಂಟ್ ಮಾಡ್ತೀನಿ ಅಂದಿದ್ರಂತೆ, ಅದಕ್ಕೇ ಅಕ್ಕನ ಮಗ್ಗ ಮಾರ್ಬುಟ್ಟ” ಎಂದರು. ದುರದೃಷ್ಟಕ್ಕೆ ಆ ತಿಂಗಳೇ ಅವನ ಕೆಲಸ ಕಾಯಂ ಆಯಿತು. ಎಷ್ಟೋ ಕಾಲದಿಂದ ಆಗಬೇಕಾಗಿದ್ದದ್ದು, ಆಗಲೇ ಆಯಿತು. ಸಂದಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಚೌಡಕ್ಕ ಅವನಿಗೆ ಅನ್ನ ಹಾಕುವುದನ್ನು ನಿಲ್ಲಿಸಲಿಲ್ಲ; ಮಾತಾಡುವುದನ್ನು ನಿಲ್ಲಿಸಿದಳು. ತಟ್ಟೆಯಿಟ್ಟು ಒಳಗೆ ಹೋಗುವಳಂತೆ. ಅವನೂ ಕೆಲವು ತಿಂಗಳು ಹಾಗೆಯೇ ತಿಂದ. ಆಮೇಲೆ ಕಾಯಂ ಆದ ಆ ಕೆಲಸವನ್ನೇ ಬಿಟ್ಟು ಹೆಂಡತಿಯ ಊರಾದ ಹರೂರಿಗೆ ಹೋಗಿ ಬೋರ್‌ವೆಲ್ ಮೋಟರು ರಿಪೇರಿಗೆ ಸೇರಿಕೊಂಡ. ಕಾಯಂ ಕೆಲಸ ಬಿಟ್ಟು ಹೋದದ್ದು ಕಂಡಾದರೂ ಯಾರಿಗಾದರೂ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಮುಖ ತೋರಿಸಲಾರದೆ ಹೋದ ಎಂದರು.

ಪಾವಿನ ಸಂಗತಿ: ಮೊದಮೊದಲು ನಮ್ಮವರು ನೂಲನ್ನು ಹೊತ್ತುಕೊಂಡು ಊರಾಚೆಯ ಬಯಲಿಗೆ ಹೋದರು. ಬಯಲಿನಲ್ಲಿ ಗಾಳಿ ಹೆಚ್ಚು, ನೂಲು ತುಂಡಾಗುವುದೂ ಹೆಚ್ಚು. ಅಷ್ಟು ದೂರಕ್ಕೆ ಮನೆಗೊಬ್ಬರು ಬರುವುದು ನಿಂತುಹೋಯಿತು, ಬಂದವರಿಗೆ ಕೂಲಿ ಕೊಡಬೇಕಾಯಿತು. ಒಂದೊಂದೇ ಮನೆಯ ಮಗ್ಗ ನಿಂತಿತು. ಚೌಡಕ್ಕ ಈಗ ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಾಳೆ. ಕೈಮಗ್ಗಕ್ಕೆ ಹೇಗೂ ಕಾಲವಿರಲಿಲ್ಲ, ನನ್ನ ಮೇಜುಗಳಿಲ್ಲದಿದ್ದರೂ ನಿಲ್ಲುತ್ತಿತ್ತು — ಇದು ನಾನು ಬಹಳ ಸಲ ನನಗೆ ಹೇಳಿಕೊಂಡ ಮಾತು. ಇದರಲ್ಲಿ ನಿಜವೂ ಇದ್ದೀತು. ಆದರೆ ಅದು ತಾನಾಗಿ ನಿಲ್ಲಲು ನಾನು ಬಿಡಲಿಲ್ಲವಲ್ಲ. ಆದುದರಿಂದ ಸದರಿ ವಾದವನ್ನು ಹಿಂತೆಗೆದುಕೊಂಡಿದ್ದೇನೆ.

ಹೋಟೆಲು ಚೆನ್ನಾಗಿ ನಡೆಯಿತು. ಬರೆಯದೆ ಬಿಟ್ಟರೆ ಮುಚ್ಚಿಟ್ಟ ಹಾಗಾದೀತೆಂದು ಇದನ್ನೂ ಬರೆದಿದ್ದೇನೆ. ಸಂದಿನಲ್ಲಿ ಕೂತು ತಿನ್ನುವುದು ಗಾಳಿಯಾಡುತ್ತದೆ, ಚೆನ್ನಾಗಿದೆ ಎಂದು ದೂರದಿಂದ ಬಂದವರು ಹೇಳುವಾಗ ನಾನು ನಗುತ್ತಿದ್ದೆ. ಚೌಡಕ್ಕ ಶೆಡ್ಡಿಗೆ ಹೋಗುವಾಗ ಮೇಜುಗಳ ನಡುವೆ ಸೆರಗು ಒತ್ತಿಹಿಡಿದು ದಾಟುವಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅನುಮತಿ ಸಿಕ್ಕಿತು, ಹಾಕಿಕೊಂಡ, ಹೋಟೆಲಿನವನು ಮತ್ತೇನು ಮಾಡಿಯಾನು ಎಂದು ಅವಳ ಎಣಿಕೆ. ಒಮ್ಮೊಮ್ಮೆ, “ಗೋವಿಂದಾ, ಸಟ್ನಿ ನೀರಾಗೈತೆ ಕಣ್ಲಾ, ಪಂಚಾಯ್ತಿ ಕೊಳಾಯಿ ಇತ್ಲಾಗೆ ತಿರುಗಿಸ್ಕೊಂಡ್ಯಾ?” ಎಂದು ಕೂಗುವಳು. ಗಿರಾಕಿಗಳು ನಗುವರು, ನಾನೂ ನಗುವೆ. ಅವಳು ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈ ವರ್ಷ ಜ್ಯೋತಿಗೆ ಮದುವೆ ಗೊತ್ತಾಯಿತು. ಮಧ್ಯಾಹ್ನ ಹೋಟೆಲು ಬಿಡುವಾದ ಹೊತ್ತಿಗೆ ಚೌಡಕ್ಕ ಬಂದು, ನಾನು ನೆಟ್ಟ ಮೇಜಿನ ಮುಂದೆಯೇ ಕೂತು, ನನ್ನನ್ನೂ ನನ್ನ ಹೆಂಡತಿ ಸರಸುವನ್ನೂ ಕರೆದಳು.

“ಜ್ಯೋತಿಗೆ ತಾಯಿಮಾಮನ ಜಾಗದಲ್ಲಿ ನೀನು ನಿಂತ್ಕೋಬೇಕು.”

ತಮಗೆ ತಿಳಿದಿರಬಹುದು, ನಮ್ಮಲ್ಲಿ ಮದುಮಗಳ ಹಣೆಗೆ ಪಟ್ಟ ಕಟ್ಟುವವನು ತಾಯಿಯ ಒಡಹುಟ್ಟಿದವನು, ಕೈಹಿಡಿದು ಹಸೆಮಣೆಗೆ ಕರೆತರುವವನೂ ಅವನೇ. ಅವನು ಇಲ್ಲವೆಂದರೆ ಸತ್ತಿದ್ದಾನೆಂದು ಅರ್ಥ. ನಾನು, “ಮಣಿ ಇದ್ದಾನಲ್ಲಕ್ಕಾ” ಎಂದೆ.

“ಎಲ್ಲವ್ನೆ? ನನ್ ಮಗ್ಗ ಎತ್ತಿಸ್ದೋನ ಕೈಯಾಗೆ ನನ್ ಮಗಳ ಕೈ ಕೊಡ್ನಾ? ನೀನೂ ತಮ್ಮನೇ. ನನ್ನ ಒಂದು ದಿನ ಏಮಾತಿಲ್ಲ ನೀನು.”

ನೀನು ನನ್ನನ್ನು ಮೋಸಮಾಡಿದವನಲ್ಲ — ಎಂದಳು. ನಾನು ಆಗಲೂ ಹೇಳಲಿಲ್ಲ. ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅವಳು ಅದನ್ನು ಒಪ್ಪಿಗೆಯೆಂದು ತಿಳಿದು ಎದ್ದು ಹೋದಳು.

ಅಧಿಕಾರಿ ಬಂದ ದಿನ ಒಳಗೆ ದೋಸೆ ಹುಯ್ಯುತ್ತಿದ್ದ ಸರಸುವಿಗೆ ನನ್ನ ಮಾತು ಕೇಳಿಸಿತ್ತು. ಇಷ್ಟು ವರ್ಷ ನನ್ನ ಹತ್ತಿರ ಅದರ ಮಾತೆತ್ತಿರಲಿಲ್ಲ. ಆವತ್ತು ಪಾತ್ರೆ ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು: “ನೀವು ಆ ಮಗೀನ ಹಣೆಗೆ ಪಟ್ಟ ಕಟ್ಟಿದ್ರೆ, ನಾನು ಅಲ್ಲಿರಾಕಿಲ್ಲ. ನೋಡಾಕೆ ನನ್ ಕೈಲಿ ಆಗಾಕಿಲ್ಲ.”

ಮರುದಿನ ಸೇಲಂಗೆ ಹೋಗಿ ಹರೂರಿನ ಬಸ್ಸು ಹಿಡಿದೆ. ಮಣಿ ಒಂದು ಅಂಗಡಿಯ ಮುಂದೆ ಮೋಟರು ಬಿಚ್ಚಿಟ್ಟುಕೊಂಡು ಕೂತಿದ್ದ. ತಲೆ ನರೆತಿದೆ. ನನ್ನನ್ನು ಕಂಡು ಎದ್ದು ನಿಂತ.

“ಬಾಣ್ಣ. ಯಾರು ಓಗ್ಬುಟ್ರು?”

“ಯಾರೂ ಇಲ್ಲ.”

“ಸಾವಿಲ್ಲದೆ ನಮ್ಮ ಸಂದಿನೋರು ಹರೂರಿಗೆ ಬರಾಕಿಲ್ಲ ಅನ್ಕೊಂಡಿದ್ದೆ” ಎಂದು ನಕ್ಕು, ಟೀ ಹೇಳಿದ. ನಾನು ಜ್ಯೋತಿಯ ಮದುವೆಯ ವಿಷಯ ತಿಳಿಸಿದೆ. ಅವನಿಗೆ ಅದು ಮೊದಲೇ ಗೊತ್ತಿತ್ತು, ಬೇರೆ ಯಾರಿಂದಲೋ. ಆಮೇಲೆ ಹೇಳಿದೆ — ಅಂದು ಹೇಳಿದ್ದು ನಾನೆಂದು ಅಕ್ಕನಿಗೆ ತಿಳಿಸುತ್ತೇನೆ ಎಂದು. ಅವನು ಮೋಟರಿನ ತಂತಿಯನ್ನು ಸುತ್ತುತ್ತಲೇ ಹೇಳಿದ:

“ನಾನೂ ಸುಮ್ನೆ ನಿಂತಿದ್ನಲ್ಲಣ್ಣ ಆವತ್ತು. ಪಾವು ಆಕ್ತಾರೆ ಸಾರ್ ಅಂತ ಒಂದು ಮಾತು ನನ್ ಬಾಯಲ್ಲಿ ಬರ್ನಿಲ್ಲ. ಅವರ ಮುಂದೆ ನಿನ್ನ ಸುಳ್ಳುಗಾರ ಮಾಡಾಕೆ ಮನಸು ಬರ್ನಿಲ್ಲ. ಅಕ್ಕನ ಮುಂದೆ ನೀನೇ ಒಪ್ಕೋತೀಯ ಅಂತ ಕಾದೆ.”

“ಆಮ್ಯಾಕಾದ್ರೂ ನೀನು ಯೋಳಬೌದಿತ್ತಲ್ಲ, ಮಣಿ.”

“ಅಕ್ಕ ಕೇಳಿದ್ಲು. ಇಲ್ಲ ಅಂದೆ. ಅವಳು ಇನ್ನೊಂದು ಸಲ ಕೇಳಿದ್ಲು ನೋಡು.” ತಂತಿಯನ್ನು ಕತ್ತರಿಸಿದ. “ಅದಾದ್ಮ್ಯಾಕೆ ಯೋಳಾಕೆ ಏನೂ ಇರ್ನಿಲ್ಲ ಬುಡು.”

ಅವನು ನನ್ನನ್ನು ಬೈಯಲಿಲ್ಲ. ಕ್ಷಮಿಸ್ತೀನಿ ಎಂದೂ ಹೇಳಲಿಲ್ಲ. ಬಸ್ಸಿನವರೆಗೂ ಬಂದು, ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ಹೋದ.

ಊರಿಗೆ ಬಂದವನು ನೇರವಾಗಿ ಚೌಡಕ್ಕನ ಮನೆಗೆ ಹೋದೆ. ಮಗ್ಗದ ಗುಂಡಿಯನ್ನು ಮುಚ್ಚಿ ಸಿಮೆಂಟು ಹಾಕಿದ ಜಾಗದಲ್ಲಿ ಕೂತು ಮದುವೆಗೆ ಅರಿಶಿನದ ಕೊಂಬು ಆರಿಸುತ್ತಿದ್ದಳು. ಜ್ಯೋತಿ ಒಳಗೆ ಅಡಿಗೆಮನೆಯಲ್ಲಿದ್ದಳು. ನಾನು ಕೂರಲಿಲ್ಲ.

“ಅಕ್ಕಾ, ನಾನು ಪಟ್ಟ ಕಟ್ಟಾಕಿಲ್ಲ. ಆವತ್ತು ಆಫೀಸರ್‌ಗೆ ಸುಳ್ಳು ಯೋಳಿದ್ದು ನಾನು. ಮಣಿ ಅಲ್ಲ.”

ಅವಳ ಕೈ ಮೊರದ ಮೇಲೆ ಹಾಗೆಯೇ ನಿಂತಿತು. ಕೂಗಾಡುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ:

“ಅಮಾಸೆ ದಿವಸ ಬರೇಳಿದ್ದೂ ನೀನೇಯಾ?”

“ಹೂಂ.”

“ನಂಗೆ ಆವತ್ತೇ ತೋಚಬೇಕಾಗಿತ್ತು. ಮಗ್ಗಕ್ಕೆ ಕೂತೋನೇ ಅಲ್ಲ ಮಣಿ. ಅಮಾಸೆ ಯಾವತ್ತು ಅಂತ ನನ್ನೇ ಕೇಳ್ತಿದ್ದ.”

ಆಮೇಲೆ ಅವಳು ತನ್ನಷ್ಟಕ್ಕೇ, ನನಗೆ ಹೇಳಿದ್ದಲ್ಲ, “ಎಲ್ಡು ಸಲ ಕೇಳಿದ್ನಲ್ಲ” ಎಂದಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನನ್ನು ನನ್ನ ಕಡೆ ಚಾಚಿದಳು.

“ಅವ್ನ ನಂಬರ್ ನನ್ನತ್ರ ಇಲ್ಲ. ಒತ್ಕೊಡು. ಮಾತು ನಾನಾಡ್ತೀನಿ.”

ಒತ್ತಿಕೊಟ್ಟೆ. ಹೊರಗೆ ಹೋಗು ಎಂದು ಕೈಸನ್ನೆ ಮಾಡಿದಳು. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿಸಿತು: “ಗೋವಿಂದಾ. ನನ್ನತ್ರ ಯೋಳಿದ್ದು ಸಾಲಾಕಿಲ್ಲ. ಅವ್ನ ಮರ್ವಾದೆ ತಗದಿದ್ದು ಸಂದಲ್ಲಿ, ಎಲ್ಲರ ಮುಂದೆ. ಅಲ್ಲೇ ಯೋಳು.” ಅಷ್ಟರಲ್ಲಿ ಅತ್ತ ಫೋನು ಎತ್ತಿರಬೇಕು. “ಮಣೀ” ಎಂದಳು. ಅಲ್ಲಿ ನಿಂತು ಕೇಳಿಸಿಕೊಳ್ಳುವ ಹಕ್ಕು ನನಗಿಲ್ಲವೆಂದು ಬಂದುಬಿಟ್ಟೆ.

ಅವನು ಮದುವೆಗೆ ಬರುತ್ತಾನೋ ಇಲ್ಲವೋ ನನಗೆ ತಿಳಿಯದು. ಕೇಳಿಲ್ಲ. ಚೌಡಕ್ಕ ಶೆಡ್ಡಿಗೆ ಹೋಗುವಾಗ ಈಗ ನಮ್ಮ ಹೋಟೆಲಿನ ಕಡೆ ನೋಡುವುದಿಲ್ಲ, ಚಟ್ನಿಯ ಮಾತೂ ಆಡುವುದಿಲ್ಲ.

ಭಾನುವಾರ ಅವಳ ಮನೆಯ ಮುಂದೆ ಚಪ್ಪರದ ಕಂಬ ನೆಡಲು ಸಂದಿನವರೆಲ್ಲ ಕೂಡುತ್ತಾರೆ. ಪೇರೂರಾಟ್ಚಿಗೆ ಹೋಗಿ, ನನಗೆ ಕೊಟ್ಟಿರುವ ಅನುಮತಿ ಸುಳ್ಳಿನ ಮೇಲೆ ಪಡೆದದ್ದೆಂದೂ ಅದನ್ನು ರದ್ದುಪಡಿಸಬೇಕೆಂದೂ ಹೇಳಿ ಬಂದಿದ್ದೇನೆ. ಅಂದು ಬಂದಿದ್ದ ಅಧಿಕಾರಿ ಈಗ ಅಲ್ಲಿಲ್ಲ. ಈಗಿನವರಿಗೆ ನಾನು ಏನು ಹೇಳುತ್ತಿದ್ದೇನೆಂದೇ ಅರ್ಥವಾಗಲಿಲ್ಲ. ಮೇಜುಗಳನ್ನು ಕಿತ್ತಾಗಿದೆ. ಹಾಗೆಂದು ಪಾವು ಹಾಕಲು ಯಾರೂ ಬರುವುದಿಲ್ಲ. ಸಂದಿನಲ್ಲಿ ಈಗ ಒಂದು ಮಗ್ಗವೂ ಉಳಿದಿಲ್ಲ. ಇದನ್ನು ಸರಿಪಡಿಸಿದೆನೆಂದು ನಾನು ಎಲ್ಲಿಯೂ ಹೇಳಿಕೊಳ್ಳಲಾರೆ.

ಬಾಯಿಮಾತಿನಲ್ಲಿ ಹೇಳಲು ಹೊರಟರೆ ನಡುವೆ ಎಲ್ಲಿಯಾದರೂ ನನಗೆ ಅನುಕೂಲವಾದದ್ದನ್ನು ಸೇರಿಸಿಬಿಡುತ್ತೇನೆ. ನನ್ನ ಬಾಯಿಯ ಗುಣ ನನಗೆ ಗೊತ್ತಿದೆ. ಅದಕ್ಕಾಗಿ ಬರೆದಿದ್ದೇನೆ. ಆದರೆ ನಮ್ಮ ಸಂದಿನಲ್ಲಿ ಕನ್ನಡ ಅಕ್ಷರ ಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಇದನ್ನು ಗೋಡೆಗೆ ಅಂಟಿಸಿದರೂ ಒಬ್ಬರೂ ಓದಲಾರರು. ಬರೆಯಲು ಕೂತಾಗ ಈ ಭಾಷೆಯನ್ನೇ ಏಕೆ ಆರಿಸಿಕೊಂಡೆ ಎಂದು — ಮೊನ್ನೆ ನನಗೇ ಅನುಮಾನ ಬಂತು. ಆದುದರಿಂದ ಇದನ್ನು ಯಾರ ಕೈಗೂ ಕೊಡದೆ, ಚಪ್ಪರದ ಕಂಬ ನೆಟ್ಟ ಮೇಲೆ, ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ನಾನೇ ಓದಿ ಹೇಳುತ್ತೇನೆ. ಓದಿದ ಮೇಲೆ ಯಾರು ಏನು ಕೇಳಿದರೂ ಉತ್ತರಿಸುತ್ತೇನೆ. ಯಾರೂ ಏನೂ ಕೇಳದೆ ಎದ್ದು ಹೋದರೆ, ಕೊನೆಯವರು ಹೋಗುವವರೆಗೆ ಅಲ್ಲಿಯೇ ನಿಂತಿರುತ್ತೇನೆ.

ಗೋವಿಂದರಾಜ